ಹಸಿರು ದೀಪವೇ ಪರಿಹಾರವಲ್ಲ

ಮಳೆಗಾಲದಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ಪದೇ ಪದೇ ಕಡಿದುಹೋಗುತ್ತಿರುವಾಗ, ದೂರಿನ ಮೇರೆಗೆ ಬಂದ ತಂತ್ರಜ್ಞನು ಮೋಡೆಮನ್ನು ಆರಿಸಿ ಹೊತ್ತಿಸಿ, ಹಸಿರು ದೀಪವನ್ನು ಕಂಡೊಡನೆಯೇ ದೋಷ ಪರಿಹಾರವಾಯಿತೆಂದು ದಾಖಲಿಸಿ ಹೊರಡುವ ಪದ್ಧತಿಯು ನನಗೆ ಸರ್ವಥಾ ಅಸಮ್ಮತವಾದುದು. ತಪ್ಪು ಬಹುಮಟ್ಟಿಗೆ ಅವನದಲ್ಲ. ಅವನಿಗೆ ಸಾವಧಾನವನ್ನೇ ಉಳಿಸದ ವ್ಯವಸ್ಥೆಯದು.

ಫೈಬರ್ ಎಂಬ ಗಾಜಿನ ಎಳೆಯಲ್ಲಿ ಹರಿದುಬರುವ ಬೆಳಕು ಎಷ್ಟು ಉಳಿದಿದೆಯೆಂಬುದನ್ನು ಪವರ್ ಮೀಟರ್ ಕ್ಷಣಮಾತ್ರದಲ್ಲಿ ತಿಳಿಸುತ್ತದೆ: ಜಿಪಾನ್ ಎಂಬ ಸಾಮಾನ್ಯ ಫೈಬರ್ ಜಾಲದಲ್ಲಿ ಅದು ಮೈನಸ್ 27 ಡಿಬಿಎಂಗಿಂತ ಕುಗ್ಗಿದರೆ ಸಂಪರ್ಕಕ್ಕೆ ಭರವಸೆಯಿಲ್ಲ, 3 ಡೆಸಿಬೆಲ್ ನಷ್ಟವೆಂದರೆ ಬೆಳಕಿನ ಅರ್ಧಾಂಶವೇ ಹೋದಂತೆ. ಕಿಟಕಿಯ ಸಂದಿನಲ್ಲಿ ಎಳೆಯು ಅತಿಯಾಗಿ ಬಾಗಿರುವುದು, ಕನೆಕ್ಟರಿನ ತುದಿಗೆ ಧೂಳು ಹತ್ತಿರುವುದು, ಇವಾವುವೂ ಮೋಡೆಮನ್ನು ಆರಿಸಿದ ಮಾತ್ರದಿಂದ ನೀಗತಕ್ಕವಲ್ಲ. ಹಳೆಯ ತಾಮ್ರದ ಜೋಡಿತಂತಿಯಲ್ಲಾದರೋ, ಕಂಬದ ಮೇಲಿನ ಜೋಡಣೆಗೆ ಸೇರಿದ ತೇವವು ಬಿಸಿಲಿಗೆ ಆರಿದೊಡನೆ ದೋಷವೇ ಮರೆಯಾಗುವುದರಿಂದ, ಪರೀಕ್ಷಕನು ಬರುವ ವೇಳೆಗೆ ಗೃಹಸ್ಥನೇ ಸುಳ್ಳುಗಾರನಂತೆ ತೋರುವನು.

ಆದುದರಿಂದ ಕಂಪನಿಗಳು ಪ್ರತಿ ಭೇಟಿಯ ಮಾಪನವನ್ನು ಗ್ರಾಹಕನಿಗೆ ಲಿಖಿತವಾಗಿ ಕೊಡಲಿ. ಓದುಗರೂ ಸಂಪರ್ಕ ಕಡಿದ ವೇಳೆಯನ್ನೂ ಆಗಿನ ಮಳೆಗಾಳಿಯನ್ನೂ ದೀಪದ ಬಣ್ಣವನ್ನೂ ಬರೆದಿಟ್ಟು ತೋರಿಸಿ, ಬಂದಾತನು ಕಂಬವನ್ನೇರಿ ನೋಡುವವರೆಗೆ ತಾಳ್ಮೆಯಿಂದ ಜೊತೆಗಿರಬೇಕೆಂದು ಪ್ರಾರ್ಥಿಸುತ್ತೇನೆ.