ಕೊಳವೆಗೂ ಉಂಟು ಸತ್ವಪರೀಕ್ಷೆ

ಹೊನ್ನಾವರದಿಂದ ಸಾಗರದತ್ತ ಘಟ್ಟ ಹತ್ತುವ ದಾರಿಯಲ್ಲಿ ಗೇರುಸೊಪ್ಪ ಸಿಗುತ್ತದೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನ್ನಿಸಿಕೊಂಡ ಚೆನ್ನಭೈರಾದೇವಿಯ ಊರು ಅದು. ಅಲ್ಲಿನ ಚತುರ್ಮುಖ ಬಸದಿಯನ್ನು ನೋಡಲು ಇಂದಿಗೂ ಜನ ಹೋಗುವುದುಂಟು. ಹೋದವರಲ್ಲಿ ಎಷ್ಟು ಮಂದಿ ಅಣೆಕಟ್ಟಿನತ್ತ ಕಣ್ಣು ಹಾಯಿಸುತ್ತಾರೋ ತಿಳಿಯದು. ಶರಾವತಿ ಕಡಲನ್ನು ಸೇರುವ ಮುನ್ನ ಕಡೆಯ ಬಾರಿ ದುಡಿಯುವ ಸ್ಥಳವದು. ಲಿಂಗನಮಕ್ಕಿಯಲ್ಲಿ ನಿಂತ ನೀರು ತಲಕಳಲೆಯ ಜಲಾಶಯಕ್ಕೆ ಬಂದು, ಅಲ್ಲಿಂದ ಘಟ್ಟದ ಇಳಿಜಾರಿನ ಉಕ್ಕಿನ ಕೊಳವೆಗಳಲ್ಲಿ ಧುಮುಕಿ, ಕೆಳಗಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. 1960ರ ದಶಕದ ನಡುವೆ ಕೆಲಸ ಆರಂಭಿಸಿದ ಈ ಆಗಾರದ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ದುಡಿದು ಹೊರಬಿದ್ದ ಆ ನೀರನ್ನು ಗೇರುಸೊಪ್ಪದ ಅಣೆಕಟ್ಟು ಮತ್ತೆ ಹಿಡಿದು, 60 ಮೆಗಾವಾಟಿನ ನಾಲ್ಕು ಯಂತ್ರಗಳಿಗೆ ಉಣಿಸುತ್ತದೆ. ಇದು 2001-02ರ ಹೊತ್ತಿಗೆ ಕೈಗೂಡಿದ ಕೆಲಸ.

ಈ ಕಥೆಯಲ್ಲಿ ಅಣೆಕಟ್ಟಿಗೂ ಯಂತ್ರಕ್ಕೂ ಸಲ್ಲುವ ಹೊಗಳಿಕೆ ನಡುವಿನ ಕೊಳವೆಗೆ ಸಲ್ಲುವುದಿಲ್ಲ. ಅದು ಹೊರುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಹತ್ತು ಮೀಟರ್ ಎತ್ತರದ ನೀರು ತನ್ನ ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಹಾಕುತ್ತದೆ. ನಮ್ಮ ಮನೆಯ ಪ್ರೆಶರ್ ಕುಕ್ಕರು ಸೀಟಿ ಹಾಕುವಾಗ ಒಳಗಿರುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಗೇರುಸೊಪ್ಪದಲ್ಲಿ ನೀರಿಳಿಯುವ ಎತ್ತರ ಐವತ್ತು ಮೀಟರಿನ ಆಸುಪಾಸು, ಎಂದರೆ ಐದು ಕುಕ್ಕರುಗಳ ಒತ್ತಡ. ಮೇಲಿನ ಶರಾವತಿ ಆಗಾರಕ್ಕೆ ನೀರು ಇಳಿಯುವುದಾದರೋ ನಾನೂರು ಮೀಟರಿಗೂ ಹೆಚ್ಚು. ಕೊಳವೆಯ ಕೆಳತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ನಲವತ್ತು ಕಿಲೋಗ್ರಾಂ ಭಾರ! ಹಗಲಿರುಳೂ ಅದನ್ನು ಹೊತ್ತು ನಿಂತಿರಬೇಕು.

ಇದು ನಿಂತ ನೀರಿನ ಲೆಕ್ಕ. ಓಡುವ ನೀರನ್ನು ತಟ್ಟನೆ ನಿಲ್ಲಿಸಿದರೆ ಬೇರೊಂದು ವಿಪತ್ತು ಕಾದಿರುತ್ತದೆ. ಮಹಡಿಮನೆಗಳಲ್ಲಿ ನಲ್ಲಿಯನ್ನು ರಪ್ಪನೆ ತಿರುಗಿಸಿದಾಗ ಗೋಡೆಯೊಳಗಿನ ಕೊಳವೆ ‘ಧಡ್’ ಎನ್ನುವುದನ್ನು ವಾಚಕರು ಕೇಳಿರಬಹುದು. ಅದೇ ಜಲಾಘಾತ. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಒಂದೇ ಮೀಟರ್ ವೇಗದಲ್ಲಿ ಹರಿಯುವ ನೀರು ಒಮ್ಮೆಗೇ ನಿಂತರೂ ಸುಮಾರು ನೂರು ಮೀಟರ್ ಎತ್ತರದ ನೀರಿನಷ್ಟು ಒತ್ತಡ ಕ್ಷಣಾರ್ಧದಲ್ಲಿ ಹೆಚ್ಚುತ್ತದೆ. ಶರಾವತಿ ಆಗಾರದಲ್ಲಿರುವ ಪೆಲ್ಟನ್ ಚಕ್ರಗಳಲ್ಲಿ ಇದಕ್ಕೆ ಸೊಗಸಾದ ಉಪಾಯವುಂಟು. ಯಂತ್ರವನ್ನು ಕೂಡಲೇ ನಿಲ್ಲಿಸಬೇಕಾದಾಗ ಒಂದು ತಟ್ಟೆ ನೀರಿನ ಧಾರೆಗೆ ಅಡ್ಡ ಬಂದು, ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಕೊಳವೆಯ ಬಾಯಿ ಮಾತ್ರ ಆತುರವಿಲ್ಲದೆ, ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಕೋಪಿಷ್ಠನಾದ ಅತಿಥಿಯನ್ನು ಬಾಗಿಲಲ್ಲೇ ತಡೆಯದೆ ಹಿತ್ತಲಿಗೆ ಕರೆದೊಯ್ದಂತೆ.

ಇಷ್ಟು ಹೊರಬೇಕಾದ ಕೊಳವೆಯನ್ನು ನಂಬುವುದು ಹೇಗೆ? ವೆಲ್ಡಿಂಗ್ ಮಾಡಿದವನು ಕುಶಲಿಯೇ ಇರಬಹುದು, ಉಕ್ಕು ಉತ್ತಮವೇ ಇರಬಹುದು. ಆದರೂ ಮಾತನ್ನು ನಂಬಿ ಕೆಲಸಕ್ಕೆ ಹಚ್ಚುವಂತಿಲ್ಲ. ಅದಕ್ಕಾಗಿ, ವಿದ್ಯುದಾಗಾರವಾಗಲಿ ರಾಸಾಯನಿಕ ಕಾರ್ಖಾನೆಯಾಗಲಿ, ಕೊಳವೆಯ ಎರಡೂ ತುದಿಗಳನ್ನು ಮುಚ್ಚಿ, ನೀರು ತುಂಬಿ, ಪಂಪಿನಿಂದ ಒತ್ತಡವನ್ನು ಹಂತಹಂತವಾಗಿ ಏರಿಸಿ ಪರೀಕ್ಷಿಸುವ ರೂಢಿಯಿದೆ. ನಿತ್ಯದ ಕೆಲಸಕ್ಕೆ ಗೊತ್ತುಮಾಡಿದ ಒತ್ತಡದ ಒಂದೂವರೆ ಪಟ್ಟು ಎಂಬುದು ಸಾಮಾನ್ಯ ಲೆಕ್ಕ. ನಲವತ್ತು ಹೊರುವ ಕೊಳವೆ ಅರವತ್ತನ್ನು ಹೊತ್ತು ತೋರಿಸಬೇಕು. ಏರಿಸಿದ ಒತ್ತಡವನ್ನು ಕೆಲಕಾಲ ಹಾಗೆಯೇ ಹಿಡಿದಿಟ್ಟು, ಆಮೇಲೆ ತುಸು ಇಳಿಸಿ, ಬೆಸುಗೆ ಬೆಸುಗೆಯನ್ನೂ ಕಣ್ಣಿಟ್ಟು ನೋಡುತ್ತಾರೆ. ಎಲ್ಲಾದರೂ ಬೆವರಿದಂತೆ ಹನಿ ಕಂಡರೆ ಕೊಳವೆ ಅನುತ್ತೀರ್ಣ. ಆಗಲೂ ಒತ್ತಡವಿರುವಾಗ ಬೋಲ್ಟು ಬಿಗಿಯುವುದಾಗಲಿ ಸುತ್ತಿಗೆಯಿಂದ ತಟ್ಟುವುದಾಗಲಿ ಕೂಡದು. ಒತ್ತಡವನ್ನು ಪೂರ್ತಿ ಇಳಿಸಿದ ಮೇಲೆಯೇ ಕೈ ಹಾಕಬೇಕು.

ನೀರೇ ಏಕೆ, ಗಾಳಿ ತುಂಬಿದರಾಗದೆ ಎಂದು ವಾಚಕರು ಕೇಳಬಹುದು. ಗಾಳಿ ಪುಕ್ಕಟೆ, ಹೊತ್ತು ತರಬೇಕಿಲ್ಲ, ಆಮೇಲೆ ಹೊರಚೆಲ್ಲುವ ಗೋಜೂ ಇಲ್ಲ. ಅವಸರದ ಕೆಲಸದಲ್ಲಿ ‘ಕಂಪ್ರೆಸರು ಹೇಗೂ ಇದೆ, ಗಾಳಿಯಲ್ಲೇ ಮುಗಿಸಿಬಿಡೋಣ’ ಎನ್ನುವ ಆಸೆ ಹುಟ್ಟುವುದು ಸಹಜ. ಜೀವಕ್ಕೆ ಎರವಾಗುವುದೂ ಅಲ್ಲಿಯೇ. ಒಂದು ಘನಮೀಟರ್ ನೀರನ್ನು ನಲವತ್ತು ಕಿಲೋಗ್ರಾಂ ಒತ್ತಡಕ್ಕೆ ಏರಿಸಿ ಬಿಟ್ಟರೆ ಅದು ಹಿಗ್ಗುವುದು ಎರಡು ಲೀಟರಿಗೂ ಕಡಿಮೆ. ಕೊಳವೆ ಬಿರಿದರೂ ಒಂದಿಷ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಅಷ್ಟೇ ಗಾಳಿಯನ್ನು ಅಷ್ಟೇ ಒತ್ತಡಕ್ಕೆ ಅಮುಕಿಟ್ಟರೆ, ಬಿಡುಗಡೆಯಾದಾಗ ಅದು ನಲವತ್ತು ಘನಮೀಟರ್ ಆಗಲು ಹವಣಿಸುತ್ತದೆ. ಅಡಗಿರುವ ಶಕ್ತಿ ನೀರಿನದಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಆಗ ಬಿರಿಯುವುದು ಕೊಳವೆಯಲ್ಲ, ಬಾಂಬು. ನೀರು ಬಳಸಲಾಗದ ಕೆಲವು ಸಂದರ್ಭಗಳಲ್ಲಿ ಗಾಳಿಯ ಪರೀಕ್ಷೆಗೆ ನಿಯಮಗಳು ಅವಕಾಶ ಕೊಡುತ್ತವೆ. ಆದರೆ ಒತ್ತಡವನ್ನು ಕಡಿಮೆ ಮಾಡಿ, ಜನರನ್ನೆಲ್ಲ ದೂರ ಕಳುಹಿಸಿ. ನೀರು ತುಂಬುವಾಗಲೂ ಇದೇ ಕಾರಣದಿಂದ ತಗ್ಗಿನಿಂದ ತುಂಬುತ್ತ, ಎತ್ತರದ ಬಾಗುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೂಬಿನಿಂದ ಹೊರಗೆ ಬಿಡಬೇಕು. ತೂಬು ತೆರೆಯುವ ಆ ಐದು ನಿಮಿಷದಲ್ಲಿ ಜಿಪುಣತನ ತೋರುವ ಮೇಸ್ತ್ರಿಯನ್ನು ಕೆಲಸದಿಂದ ಬಿಡಿಸುವುದೇ ಮೇಲೆಂದು ನನ್ನ ಅಭಿಮತ.

ನೀರು ಸಾಧು ಎಂದ ಮಾತು ತುದಿ ಮುಚ್ಚಿದ ಕೊಳವೆಗೆ ಮಾತ್ರ ಸಲ್ಲುತ್ತದೆ. ಹಿಂದೆ ಒಂದು ಜಲಾಶಯವೇ ತೆರೆದುಕೊಂಡಿದ್ದರೆ ಅದರ ಸ್ವಭಾವ ಬೇರೆ. ಸ್ವಿಟ್ಜರ್ಲೆಂಡಿನ ಕ್ಲೂಸೋನ್-ಡಿಕ್ಸಾನ್ಸ್ ಯೋಜನೆಯಲ್ಲಿ ನೀರು 1,883 ಮೀಟರ್ ಎತ್ತರದಿಂದ ಇಳಿಯುತ್ತಿತ್ತು. ಅದು ಪ್ರಪಂಚದ ದಾಖಲೆ. 1998ರಲ್ಲಿ ಕೆಲಸ ಆರಂಭಿಸಿದ ಆ ಕೊಳವೆ 2000ದ ಡಿಸೆಂಬರ್ 12ರಂದು ಬಿರಿಯಿತು. ಇಳಿಜಾರಿನಲ್ಲಿ ನುಗ್ಗಿದ ನೀರಿಗೂ ಕೆಸರಿಗೂ ಮೂವರು ಬಲಿಯಾದರು. ಅದು ಮತ್ತೆ ಕೆಲಸಕ್ಕೆ ಬಂದದ್ದು 2010ರ ಹೊತ್ತಿಗೆ. ಹೊಸ ಕೊಳವೆ, ಹೊಸ ಉಕ್ಕು, ಎರಡೇ ವರ್ಷದ ಆಯುಸ್ಸು. ಮೊದಲ ದಿನದ ಪರೀಕ್ಷೆ ಮೊದಲ ದಿನಕ್ಕಷ್ಟೇ ಸಾಕ್ಷಿ. ಆಮೇಲೆ ಬೆಳೆಯುವ ಬಿರುಕನ್ನೂ ತುಕ್ಕು ತಿಂದು ತೆಳುವಾದ ಗೋಡೆಯನ್ನೂ ಶಬ್ದತರಂಗಗಳಿಂದ ಅಳೆಯುತ್ತಲೇ ಇರಬೇಕು.

ಬರಿದಾಗುವ ಕೊಳವೆಯ ಸಂಕಟ ಇನ್ನೊಂದು ಬಗೆಯದು. ನೀರು ರಭಸದಿಂದ ಹೊರಗೆ ಹೋಗುತ್ತಿದ್ದು, ಮೇಲಿನಿಂದ ಗಾಳಿ ಒಳಬರದಿದ್ದರೆ ಕೊಳವೆಯೊಳಗೆ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ಗಾಳಿಯೇ ಉಕ್ಕಿನ ಗೋಡೆಯನ್ನು ಎಣ್ಣೆಯ ಡಬ್ಬಿಯಂತೆ ನುಜ್ಜುಗುಜ್ಜು ಮಾಡುತ್ತದೆ. 1950ರಲ್ಲಿ ಜಪಾನಿನ ಓಯಿಗಾವಾ ವಿದ್ಯುದಾಗಾರದಲ್ಲಿ ಎರಡು ವಿಪತ್ತುಗಳೂ ಒಟ್ಟಿಗೆ ಬಂದವು. ಕವಾಟ ಬೇಗನೆ ಮುಚ್ಚಿದ್ದರಿಂದ ಕೆಳಗೆ ಕೊಳವೆ ಸೀಳಿತು. ನೀರು ಹೊರಗೆ ನುಗ್ಗಿದ್ದರಿಂದ ಮೇಲಿನ ಭಾಗ ಕುಗ್ಗಿ ಚಪ್ಪಟೆಯಾಯಿತು. ಇಳಿಜಾರಿನ ಕೊಳವೆಗಳ ನೆತ್ತಿಯಲ್ಲಿ ಗಾಳಿಯಾಡುವ ಕವಾಟವನ್ನೋ ಗಾಳಿಕೊಳವೆಯನ್ನೋ ಇಡುವುದು ಇದಕ್ಕಾಗಿಯೇ.

ಮನೆಯಲ್ಲಿ ಕುಳಿತು ಇದನ್ನೋದುವ ಗೃಹಿಣಿಯರಿಗೆ ಗೇರುಸೊಪ್ಪ ದೂರವಾಗಿ ತೋರಬಹುದು. ಆದರೆ ಇದೇ ಪರೀಕ್ಷೆಗೆ ಒಳಗಾದ ಒಂದು ಪಾತ್ರೆ ಅಡಿಗೆಮನೆಯಲ್ಲೇ ಇದೆ: ಗ್ಯಾಸ್ ಸಿಲಿಂಡರು. ಅದನ್ನೂ ನೀರು ತುಂಬಿ, ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ಒತ್ತಡಕ್ಕೆ ಏರಿಸಿ ಪರೀಕ್ಷಿಸುತ್ತಾರೆ. ನಿಗದಿಯಾದ ಅವಧಿ ಕಳೆದೊಡನೆ ಮತ್ತೆ ಪರೀಕ್ಷಿಸಬೇಕು. ಸಿಲಿಂಡರಿನ ನೆತ್ತಿಯಲ್ಲಿ ಕವಾಟದ ಸುತ್ತ ನಿಂತಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯನ್ನು ನೋಡಿರಿ. ಅಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ವರ್ಷದ ಕಡೆಯ ಎರಡು ಅಂಕೆಗಳೂ ಇರುತ್ತವೆ. ಅಕ್ಷರ ‘ಎ’ ಆದರೆ ಮಾರ್ಚ್, ‘ಬಿ’ ಆದರೆ ಜೂನ್, ‘ಸಿ’ ಆದರೆ ಸೆಪ್ಟೆಂಬರ್, ‘ಡಿ’ ಆದರೆ ಡಿಸೆಂಬರ್. ‘ಬಿ 29’ ಎಂದಿದ್ದರೆ ಮುಂದಿನ ಪರೀಕ್ಷೆ 2029ರ ಜೂನ್ ಮುಗಿಯುವುದರೊಳಗೆ ಆಗತಕ್ಕದ್ದು. ಗಡುವು ಮೀರಿದ ಸಿಲಿಂಡರನ್ನು ತಂದವನು ಎಷ್ಟೇ ಅವಸರದಲ್ಲಿರಲಿ, ಅದನ್ನು ಮೆಟ್ಟಿಲಿಳಿಸಿ ಹಿಂದಕ್ಕೆ ಕಳುಹಿಸಿ, ಬೇರೊಂದನ್ನು ತರಿಸಿಕೊಳ್ಳಿರಿ.