ರೇಡಿಯೊ ಕೊನೆಗೆ ಬರಲಿ

ಮಾದರಿ ವಿಮಾನ ಹಾರಿಸುವವರ ನಡುವೆ ಈಗ ಒಂದು ಮಾತು ನಿಯಮದಂತೆ ನೆಲೆಯೂರಿದೆ: ‘ಜೋಡಣೆಯಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ರೇಡಿಯೊದಲ್ಲಿ ಸರಿಮಾಡಿಕೊಂಡರಾಯಿತು.’ ಇದನ್ನು ಹೇಳುವವರು ಹೊಸಬರಲ್ಲ, ವರ್ಷಗಟ್ಟಲೆ ಹಾರಿಸಿ ಪಳಗಿದವರು. ಅವರಲ್ಲಿ ಕೆಲವರ ಕೈಚಳಕ ಕಂಡು ಬೆರಗಾಗಿದ್ದೇನೆ. ಅವರ ಮೇಲಿನ ಗೌರವವನ್ನು ಉಳಿಸಿಕೊಂಡೇ ಈ ಮಾತನ್ನು ಒಪ್ಪಲಾರೆ ಎನ್ನುತ್ತೇನೆ. ಅದರಲ್ಲೂ ಎರಡು ಅಂತಸ್ತಿನ ರೆಕ್ಕೆಯ ದೊಡ್ಡ ಏರೋಬ್ಯಾಟಿಕ್ ಬೈಪ್ಲೇನ್ ವಿಷಯದಲ್ಲಿ ಈ ಸಲಹೆ ಅಪಾಯಕಾರಿ ಎಂಬುದು ನನ್ನ ನಿಲುವು.

ಅವರ ಪಕ್ಷದಲ್ಲಿ ನ್ಯಾಯ ಇಲ್ಲವೆಂದಲ್ಲ. ಹಳೆಯ ರೇಡಿಯೊಗಳಲ್ಲಿ ನಾಲ್ಕೇ ಚಾನೆಲ್ ಇದ್ದಾಗ ಎರಡು ಏಲೆರಾನ್‌ಗಳ (ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿಗಳು) ಸರ್ವೊಗಳನ್ನು (ಅವನ್ನು ತಿರುಗಿಸುವ ಪುಟ್ಟ ಮೋಟರ್‌ಗಳು) ಒಂದೇ ವೈ-ಕೇಬಲ್‌ಗೆ ಕಟ್ಟಬೇಕಿತ್ತು. ಒಂದರ ಹೊಂದಾಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟುವುದಷ್ಟೇ ದಾರಿ. ಇಂದಿನ ರೇಡಿಯೊ ಪ್ರತಿಯೊಂದು ಸರ್ವೊಗೂ ಪ್ರತ್ಯೇಕ ಚಾನೆಲ್ ಕೊಡುತ್ತದೆ. ಸೆಂಟರ್ ಎಲ್ಲಿರಬೇಕು, ಎತ್ತ ಎಷ್ಟು ಚಲಿಸಬೇಕು, ಎಲ್ಲವನ್ನೂ ಪರದೆಯ ಮೇಲೆ ಬೆರಳಲ್ಲಿ ತಿದ್ದಬಹುದು. ಸರ್ವೊ ತುದಿಯ ಹಲ್ಲುಗಳ ತೊಡಕು ಬೇರೆ ಇದೆ. ಸಾಮಾನ್ಯ ದೊಡ್ಡ ಸರ್ವೊದ ತುದಿಯಲ್ಲಿ 25 ಹಲ್ಲು, ಅಂದರೆ ಹಲ್ಲಿನಿಂದ ಹಲ್ಲಿಗೆ 14.4 ಡಿಗ್ರಿ. ಆ ತುದಿಗೆ ತೊಡಿಸುವ ಆರ್ಮ್ ಸರಿಯಾಗಿ ಲಂಬಕ್ಕೆ ಬಂದು ಕೂರುವುದು ಅಪರೂಪ. ಉಳಿದ ವ್ಯತ್ಯಾಸಕ್ಕೆ ಸಬ್‌ಟ್ರಿಮ್, ಅಂದರೆ ರೇಡಿಯೊದಲ್ಲೇ ಸೆಂಟರ್ ತಿದ್ದುವ ಸೌಲಭ್ಯ, ಬೇಡವೇ ಎಂದು ಕೇಳುತ್ತಾರೆ.

ಬೇಕು, ಚೂರು ಬೇಕು. ಆದರೆ ಅದಕ್ಕೂ ಮುಂಚೆ ಕೈಯಲ್ಲೇ ಆಗುವ ಕೆಲಸವೊಂದಿದೆ. ನಾಲ್ಕು ಕೈಯುಳ್ಳ ಆರ್ಮ್ ತೆಗೆದುಕೊಳ್ಳಿ. 25ನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಉಳಿಯುತ್ತದಲ್ಲ, ಹಾಗಾಗಿ ನಾಲ್ಕೂ ಕೈಗಳು ಹಲ್ಲಿಗೆ ಒಂದೇ ರೀತಿ ಕೂರುವುದಿಲ್ಲ. ಒಂದೊಂದೂ ಕಾಲು ಹಲ್ಲಿನಷ್ಟು ಜರುಗಿರುತ್ತದೆ. ಸುತ್ತ ತಿರುಗಿಸಿ ನೋಡಿ ಲಂಬಕ್ಕೆ ಅತಿ ಹತ್ತಿರದ ಕೈಯನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ಕತ್ತರಿಸಿ ಹಾಕಿದರೆ ತಪ್ಪು ಎರಡು ಡಿಗ್ರಿಯ ಒಳಗೆ ಬರುತ್ತದೆ. ಆಮೇಲೆ ಸಬ್‌ಟ್ರಿಮ್‌ಗೆ ಉಳಿಯುವ ಕೆಲಸ ನಗಣ್ಯ. ರೇಡಿಯೊ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಸರದಿ ಕೊನೆಯದು ಎನ್ನುತ್ತಿದ್ದೇನೆ.

ಒಂದು ವಿಮಾನವನ್ನು ಮುಂದಿಟ್ಟುಕೊಂಡೇ ಮಾತಾಡೋಣ. ಪಿಟ್ಸ್ ಸ್ಪೆಷಲ್. ಅಮೆರಿಕದ ಕರ್ಟಿಸ್ ಪಿಟ್ಸ್ ರೂಪಿಸಿದ ಈ ಪುಟ್ಟ ಬೈಪ್ಲೇನ್ ಮೊದಲು ಹಾರಿದ್ದು 1944ರಲ್ಲಿ. ಏರೋಬ್ಯಾಟಿಕ್ ಪೈಲಟ್ ಬೆಟ್ಟಿ ಸ್ಕೆಲ್ಟನ್ ಹಾರಿಸಿ ಹೆಸರು ಮಾಡಿದ ಪಿಟ್ಸ್ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಉಡ್ವರ್-ಹೇಜಿ ಕೇಂದ್ರದಲ್ಲಿ ತಲೆಕೆಳಗಾಗಿ ತೂಗುತ್ತಿದೆ. 1972ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ವಿಶ್ವ ಏರೋಬ್ಯಾಟಿಕ್ ಸ್ಪರ್ಧೆಯಲ್ಲಿ ಅಮೆರಿಕದ ತಂಡ ಗೆದ್ದದ್ದು ಪಿಟ್ಸ್ ವಿಮಾನಗಳಲ್ಲೇ. ಮೊದಲ ಪಿಟ್ಸ್‌ಗಳಿಗೆ ಏಲೆರಾನ್ ಇದ್ದದ್ದು ಕೆಳಗಿನ ರೆಕ್ಕೆಗೆ ಮಾತ್ರ. ತಲೆಕೆಳಗಾಗಿ ಹಾರುವಾಗಲೂ ನೆಟ್ಟಗೆ ಹಾರಿದಷ್ಟೇ ಚುರುಕು ಬೇಕೆಂದಾಗ ನಾಲ್ಕು ಏಲೆರಾನ್ ಬಂದವು, ರೆಕ್ಕೆಯ ಅಡ್ಡಛೇದವೂ ಬದಲಾಗಿ ಮೇಲೆ ಕೆಳಗೆ ಒಂದೇ ಸಮನಾದ ಉಬ್ಬು ಪಡೆಯಿತು. ಆ ಸುಧಾರಣೆಗಳೆಲ್ಲ ಮರ, ಬಟ್ಟೆ, ಉಕ್ಕಿನ ಕೊಳವೆಗಳಲ್ಲೇ ನಡೆದವು. ವಿಮಾನದ ಗುಣ ಅದರ ಆಕಾರದಲ್ಲೇ ಇರಬೇಕಾಯಿತು.

ಇದರ ಎರಡು ಆಸನದ ಎಸ್-2ಬಿ ರೂಪದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 6.1 ಮೀಟರ್. ಮೂರನೇ ಒಂದರ ಅಳತೆಯ ಮಾದರಿ ವಿಮಾನದಲ್ಲಿ ಅದು ಎರಡು ಮೀಟರ್‌ಗೆ ಬರುತ್ತದೆ. ಮುಂದೆ 100 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಮೊಳಕ್ಕಿಂತ ಉದ್ದದ ಪ್ರೊಪೆಲ್ಲರ್, ಒಟ್ಟು ತೂಕ ಸುಮಾರು 12 ಕೆ.ಜಿ. ಪೆಟ್ಟಿಗೆ ತೆರೆದರೆ ಬಾಲ್ಸಾ ಮರದ ರೆಕ್ಕೆಗಳಿಗೆ ಬಣ್ಣದ ಹೊದಿಕೆ ಆಗಲೇ ಅಂಟಿಸಿರುತ್ತದೆ. ಇನ್ನೇನು, ಸ್ಕ್ರೂ ಬಿಗಿದರೆ ಮುಗಿಯಿತು ಅನ್ನಿಸುವುದು ಸಹಜ. ಒಂಟಿ ರೆಕ್ಕೆಯ ವಿಮಾನವಾದರೆ ಆ ಅನಿಸಿಕೆ ಮುಕ್ಕಾಲು ಪಾಲು ನಿಜ ಕೂಡ. ರೆಕ್ಕೆಯನ್ನು ಕೊಳವೆಗೆ ತೂರಿಸಿ ಬೋಲ್ಟ್ ಹಾಕಿದರೆ ಅದು ತಯಾರಕ ಇಟ್ಟ ಕೋನದಲ್ಲೇ ಕೂರುತ್ತದೆ.

ಬೈಪ್ಲೇನ್‌ನಲ್ಲಿ ಮೇಲಿನ ರೆಕ್ಕೆಗೆ ಅಂಥ ಭದ್ರ ನೆಲೆಯಿಲ್ಲ. ಅದು ಒಡಲಿನಿಂದೆದ್ದ ನಾಲ್ಕು ಕಂಬಗಳ ಮೇಲೆ ನಿಂತಿರುತ್ತದೆ. ತುದಿಗಳಲ್ಲಿ ಸ್ಟ್ರಟ್, ನಡುವೆ ಓರೆಯಾಗಿ ತಂತಿಗಳು. ಪ್ರತಿಯೊಂದು ಕೀಲಿನಲ್ಲೂ ಕೂದಲೆಳೆಯ ಸಡಿಲ. ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ 20 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಒಂದರ ಕೆಳಗೆ 1 ಮಿ.ಮೀ. ದಪ್ಪದ ವಾಷರ್ ಹೆಚ್ಚಾಗಿ ಸೇರಿದರೆ ಮೇಲಿನ ರೆಕ್ಕೆಯ ಕೋನ ಸುಮಾರು 0.3 ಡಿಗ್ರಿ ಬದಲಾಗುತ್ತದೆ. ಏರೋಬ್ಯಾಟಿಕ್ ಮಾದರಿಗಳಲ್ಲಿ ಸಾಮಾನ್ಯವಾಗಿ ಎರಡೂ ರೆಕ್ಕೆಗಳನ್ನು ಸೊನ್ನೆ ಡಿಗ್ರಿಗೆ, ಇಲ್ಲವೇ ತಯಾರಕರು ಹೇಳಿದ ಅಲ್ಪ ವ್ಯತ್ಯಾಸಕ್ಕೆ ಕೂರಿಸಬೇಕು. ಎಡಕ್ಕೊಂದು ಬಲಕ್ಕೊಂದು ಕೋನವಾದರೆ ರೆಕ್ಕೆ ತಿರುಚಿದಂತೆ. 35 ಸೆಂ.ಮೀ. ಅಗಲದ ರೆಕ್ಕೆಯಲ್ಲಿ ಅರ್ಧ ಡಿಗ್ರಿ ತಿರುಚು ಎಂದರೆ ಹಿಂದಂಚಿನಲ್ಲಿ 3 ಮಿ.ಮೀ. ಮಾತ್ರ. ಕಣ್ಣಿಗೆ ಸಿಗುವುದಿಲ್ಲ, ರೆಕ್ಕೆಯ ಕೋನ ಅಳೆಯುವ ಇನ್ಸಿಡೆನ್ಸ್ ಮೀಟರ್‌ಗೆ ಸಿಗುತ್ತದೆ.

ಕೋನಕ್ಕೆ ಮೀಟರ್ ಆದರೆ, ರೆಕ್ಕೆ ಎಡಬಲಕ್ಕೆ ಸಮನಾಗಿ ಕೂತಿದೆಯೇ ಎಂದು ನೋಡಲು ದಾರವಿದೆ. ಹಿಗ್ಗದ ದಾರವನ್ನು ಬಾಲದ ನಟ್ಟನಡುವಿನ ಪಿನ್ನಿಗೆ ಸುತ್ತಿ ಎಡ ರೆಕ್ಕೆಯ ತುದಿಗೆ ಎಳೆದು ಗುರುತು ಹಾಕುವುದು, ಅದನ್ನೇ ಬಲಕ್ಕೆ ತಂದು ನೋಡುವುದು. ಪಿಟ್ಸ್‌ನ ಮೇಲಿನ ರೆಕ್ಕೆ ಹಿಂದಕ್ಕೆ ಓರೆ, ಕೆಳಗಿನದು ನೇರ. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ನಮ್ಮ ಗುಂಪಿನ ಹುಡುಗನೊಬ್ಬ ಬಾಲದ ಬಳಿ ದಾರ ಹಿಡಿದು ಕೂತು ಕೇಳಿದ್ದ, ‘ಅಣ್ಣಾ, ನಾಲ್ಕು ಮಿಲಿಮೀಟರ್ ತಾನೆ, ಟ್ರಿಮ್ ಹಾಕ್ಕೊಂಡ್ರೆ ಹೋಗಲ್ವಾ?’ ‘ಹೋಗತ್ತಪ್ಪ, ನೆಟ್ಟಗೆ ಹಾರೋವಾಗ ಹೋಗತ್ತೆ. ನಿಧಾನ ಆದಾಗ ಬರತ್ತೆ’ ಎಂದೆ. ತಂತಿಯ ತಿರುಪನ್ನು ಒಂದು ಕಡೆ ಅರ್ಧ ಸುತ್ತು ಸಡಿಲಿಸಿ, ಎದುರು ಕಡೆ ಅರ್ಧ ಸುತ್ತು ಬಿಗಿದು ಮತ್ತೆ ಅಳೆದೆವು. ಒಂದೇ ಕಡೆ ಎಳೆಯುತ್ತ ಹೋದರೆ ತಂತಿ ಬಿಗಿಯಾದಂತೆ ಕಾಣುತ್ತದೆ, ರೆಕ್ಕೆ ಸದ್ದಿಲ್ಲದೆ ತಿರುಚಿರುತ್ತದೆ.

ಆ ಹುಡುಗನಿಗೆ ಹೇಳಿದ್ದರ ಕಾರಣ ಇಷ್ಟು. ತಿರುಚಿದ ರೆಕ್ಕೆಯ ವಿಮಾನ ವೇಗವಾಗಿ ಹೋಗುವಾಗ ಏಲೆರಾನ್ ಟ್ರಿಮ್‌ಗೆ ಬಗ್ಗುತ್ತದೆ. ಆದರೆ ನಿಧಾನವಾಗಿ ಮೂಗೆತ್ತಿ ಇಳಿಯುವಾಗ ಎಡ ಬಲ ಎರಡೂ ಪಕ್ಕ ಒಂದೇ ಗಳಿಗೆಯಲ್ಲಿ ಸ್ಟಾಲ್ ಆಗುವುದಿಲ್ಲ, ಎಂದರೆ ಎತ್ತುವ ಬಲ ಕಳೆದುಕೊಳ್ಳುವುದಿಲ್ಲ. ಒಂದು ರೆಕ್ಕೆ ಮೊದಲು ಕೈಕೊಡುತ್ತದೆ. ವಿಮಾನ ನೆಲದಿಂದ ಎರಡಾಳು ಎತ್ತರದಲ್ಲಿರುವಾಗ ಹಾಗಾದರೆ ಯಾವ ಕೈಚಳಕವೂ ಉಳಿಸದು. ಒಂದು ಪಕ್ಕದ ರೆಕ್ಕೆಯನ್ನು ಸ್ಟಾಲ್ ಮಾಡಿ ಗಿರ್ರನೆ ಉರುಳುವ ಸ್ನ್ಯಾಪ್ ರೋಲ್‌ನಲ್ಲೂ ಇದೇ ಕಥೆ: ಎಡಕ್ಕೆ ಹೊಡೆದರೆ ಒಂದು ಥರ, ಬಲಕ್ಕೆ ಹೊಡೆದರೆ ಇನ್ನೊಂದು ಥರ. ತಂಬೂರಿಯ ತಂತಿ ಸಡಿಲವಿದ್ದಾಗ ಮೈಕಿನ ದನಿ ಏರಿಸಿದರೆ ಶ್ರುತಿ ಸೇರುವುದಿಲ್ಲ.

ಗುರುತ್ವ ಕೇಂದ್ರದ್ದೂ ಹೀಗೆಯೇ. ಬೈಪ್ಲೇನನ್ನು ಎರಡು ಬೆರಳ ಮೇಲೆ ನಿಲ್ಲಿಸಿ ನೋಡುವುದು ಕಷ್ಟ. ಕೆಳಗಿನ ರೆಕ್ಕೆಯಡಿ ಸರಿಯಾದ ಜಾಗ ಬೆರಳಿಗೆ ಸಿಗುವುದಿಲ್ಲ. ತಕ್ಕಡಿಯೇ ವಾಸಿ. ಟ್ಯಾಂಕ್ ಖಾಲಿಯಿಟ್ಟು, ಹಾರುವ ಭಂಗಿಯಲ್ಲಿ ಸಮತಟ್ಟಾಗಿ ನಿಲ್ಲಿಸಿ, ಮುಂದಿನ ಚಕ್ರಗಳ ಕೆಳಗೂ ಬಾಲದ ಚಕ್ರದ ಕೆಳಗೂ ತಕ್ಕಡಿ ಇಡಿ. ಮುಂದೆ 11 ಕೆ.ಜಿ., ಹಿಂದೆ 1 ಕೆ.ಜಿ., ನಡುವಿನ ದೂರ 120 ಸೆಂ.ಮೀ. ಆದರೆ ಕೇಂದ್ರ ಮುಂದಿನ ಚಕ್ರದ ಅಚ್ಚಿನಿಂದ 10 ಸೆಂ.ಮೀ. ಹಿಂದಿದೆ. ಪ್ರೈಮರಿ ಶಾಲೆಯ ಲೆಕ್ಕ. ಅದು ತಯಾರಕರು ಹೇಳಿದ ಜಾಗಕ್ಕಿಂತ ಮುಂದಿದ್ದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಬೇಕು. ‘ಸ್ವಲ್ಪ ಅಪ್ ಟ್ರಿಮ್ ಕೊಡಿ, ಸಾಕು’ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ವಿಮಾನ ತಲೆಕೆಳಗಾದಾಗ ಆ ಟ್ರಿಮ್ ಯಾವ ಕಡೆ ಎಳೆಯುತ್ತದೆ? ನೆಲದ ಕಡೆಗೆ. ಮೂಗಿನ ಭಾರವೂ ಆ ಕಡೆಗೇ. ಜೊತೆಗೆ, ವೇಗ ದುಪ್ಪಟ್ಟಾದಾಗ ಬಾಲದ ಬಲ ನಾಲ್ಕು ಪಟ್ಟು ಏರುತ್ತದೆ, ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ವೇಗಕ್ಕೆ ಹೊಂದಿದ ಟ್ರಿಮ್ ಇನ್ನೊಂದಕ್ಕೆ ಹೊಂದುವುದಿಲ್ಲ. ಏರೋಬ್ಯಾಟಿಕ್ ಹಾರಾಟವೆಂದರೆ ವೇಗವೂ ಭಂಗಿಯೂ ಗಳಿಗೆಗೊಮ್ಮೆ ಬದಲಾಗುವ ಆಟ.

ಲಿಂಕೇಜ್, ಅಂದರೆ ಸರ್ವೊದಿಂದ ಏಲೆರಾನ್‌ವರೆಗಿನ ಕಡ್ಡಿ-ಕೀಲುಗಳ ವಿಷಯಕ್ಕೆ ಬಂದರೆ ಒಂದು ಅಂಕಗಣಿತವನ್ನಾದರೂ ಬಿಡಿಸಿ ಹೇಳಲೇಬೇಕು. 20 ಕೆ.ಜಿ.-ಸೆಂ.ಮೀ. ಬಲದ ಸರ್ವೊಗೆ 2.5 ಸೆಂ.ಮೀ. ಉದ್ದದ ಆರ್ಮ್ ಹಾಕಿದಿರಿ. ಏಲೆರಾನ್ ಬೇಕಾದ್ದಕ್ಕಿಂತ ದುಪ್ಪಟ್ಟು ತಿರುಗಿತು. ಪರದೆಯಲ್ಲಿ ಚಲನೆಯನ್ನು ಶೇ. 50ಕ್ಕೆ ಇಳಿಸಿದಿರಿ, ಕೋನ ಸರಿಹೋಯಿತು. ಆದರೆ ಆರ್ಮ್‌ನ ತುದಿಯಲ್ಲಿ ಸಿಗುತ್ತಿರುವ ಬಲ 8 ಕೆ.ಜಿ. ಮಾತ್ರ. ಅದೇ ಆರ್ಮನ್ನು 1.25 ಸೆಂ.ಮೀ.ಗೆ ಇಳಿಸಿ ಪೂರ್ತಿ ಚಲನೆ ಬಿಟ್ಟಿದ್ದರೆ 16 ಕೆ.ಜಿ. ಸಿಗುತ್ತಿತ್ತು. ನಿಖರತೆಯೂ ಹೆಚ್ಚು, ಸರ್ವೊ ಗೇರ್‌ಗಳ ಸಡಿಲ ಏಲೆರಾನ್‌ನಲ್ಲಿ ಕಾಣುವುದೂ ಕಡಿಮೆ. ಹಣ ಕೊಟ್ಟು ತಂದ ಬಲದ ಅರ್ಧವನ್ನು ಪರದೆಯ ಮೇಲೆ ಒಂದು ಬೆರಳೊತ್ತಿ ಬಿಸಾಡಿದಂತಾಯಿತು.

ಕೆಳಗಿನ ಏಲೆರಾನ್‌ನಿಂದ ಮೇಲಿನದಕ್ಕೆ ಚಲನೆ ಒಯ್ಯುವ ಕಡ್ಡಿಯನ್ನಂತೂ ಯಾವ ರೇಡಿಯೊವೂ ಮುಟ್ಟಲಾರದು. ಎರಡೂ ಏಲೆರಾನ್‌ಗಳಲ್ಲಿ ಅದರ ಹಿಡಿ ಹಿಂಜ್ ಗೆರೆಯಿಂದ ಒಂದೇ ದೂರದಲ್ಲಿರಬೇಕು, ಬಾಲ್ ಲಿಂಕ್ ಸಡಿಲ ಇರಕೂಡದು. ಸಡಿಲವಿದ್ದರೆ ವೇಗದಲ್ಲಿ ಏಲೆರಾನ್ ಪಟಪಟನೆ ಬಡಿದುಕೊಳ್ಳಲು ಶುರುವಾಗುತ್ತದೆ. ಇದೇ ಫ್ಲಟರ್. ಶುರುವಾದ ಮೇಲೆ ಏಲೆರಾನ್ ಕಿತ್ತು ಹೋಗಲು ಎರಡು ಕ್ಷಣ ಸಾಕು. ಹಿಂಜ್ ಗೆರೆಯ ಸಂದಿಗೆ ಪಾರದರ್ಶಕ ಟೇಪ್ ಅಂಟಿಸಿ ಮುಚ್ಚುವುದು ಅಗ್ಗದ ವಿಮೆ. ಅದನ್ನೂ ಮಾಡದೆ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

‘ಗೈರೊ ಇದೆಯಲ್ಲ’ ಎಂಬುದು ಈಚಿನ ವಾದ. ವಿಮಾನದ ಅಲುಗಾಟವನ್ನು ತಾನೇ ತಿದ್ದುವ ಗೈರೊ ಬಗ್ಗೆ ನನಗೆ ತಕರಾರಿಲ್ಲ. ಅಡ್ಡಗಾಳಿಯಲ್ಲಿ ಭಾರವಾದ ವಿಮಾನ ಇಳಿಸುವಾಗ ಅದರ ನೆರವು ದೊಡ್ಡದು. ಆದರೆ ಅದಕ್ಕೂ ಬಿಗಿಯಾದ ಲಿಂಕೇಜ್ ಬೇಕು. ಸಡಿಲ ಲಿಂಕೇಜ್‌ನಲ್ಲಿ ಅದು ತಿದ್ದುವುದು ತಡವಾಗಿ, ತಡವಾದ್ದನ್ನು ಮತ್ತೆ ತಿದ್ದಲು ಹೋಗಿ, ವಿಮಾನ ನಡುಗತೊಡಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಅದು ದೋಷವನ್ನು ಮುಚ್ಚಿಡುತ್ತದೆ. ಬಾಲ ಭಾರವಾದ ವಿಮಾನ ಗೈರೊ ಹಿಡಿತದಲ್ಲಿ ಸಭ್ಯವಾಗಿ ಹಾರಿ, ಸ್ವಿಚ್ ಆಫ್ ಆದ ದಿನ ತನ್ನ ನಿಜಗುಣ ತೋರಿಸುತ್ತದೆ. ಮೊದಲ ಹಾರಾಟಗಳನ್ನು ಗೈರೊ ಇಲ್ಲದೆ ಮುಗಿಸಿ, ವಿಮಾನ ತಾನಾಗಿ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಹಾಕಿಕೊಳ್ಳಲಿ.

ಸಮಯದ ಮಾತು ಮಾತ್ರ ನಿಜಕ್ಕೂ ತೂಕದ್ದು. ಬೆಂಗಳೂರಿನಲ್ಲಿ ಕೆಲಸ, ಟ್ರಾಫಿಕ್, ಮನೆ ಎಲ್ಲ ಮುಗಿಸಿ ಸಿಗುವುದು ಭಾನುವಾರದ ಬೆಳಗು. ಅದನ್ನೂ ದಾರ ಹಿಡಿದು ಕೂತು ಕಳೆಯಬೇಕೇ ಎಂದು ಕೇಳುವವರ ಬೇಸರ ಅರ್ಥವಾಗುತ್ತದೆ. ಅಷ್ಟು ಪುರುಸೊತ್ತು ಇಲ್ಲದವರು ಒಂಟಿ ರೆಕ್ಕೆಯ ವಿಮಾನ ಹಾರಿಸಲಿ, ಅದರಲ್ಲೇನೂ ಕೊರತೆಯಿಲ್ಲ. ಬೈಪ್ಲೇನ್ ಆರಿಸಿಕೊಂಡವರು ಅದು ಬೇಡುವ ಸಮಯವನ್ನೂ ಆರಿಸಿಕೊಂಡಿದ್ದಾರೆ. 12 ಕೆ.ಜಿ. ತೂಕ, ಎದುರಿಗೆ ಸಿಕ್ಕಿದ್ದನ್ನು ಕತ್ತರಿಸಬಲ್ಲ ಪ್ರೊಪೆಲ್ಲರ್, ಮೈದಾನದ ಅಂಚಿನಲ್ಲಿ ನೋಡಲು ಬಂದ ಮಕ್ಕಳು: ಇಷ್ಟು ಇರುವಾಗ ಅವಸರ ಮಾಡುವ ಹಕ್ಕು ನಮಗಿಲ್ಲ.

ರೇಡಿಯೊ ಮಾಡಲೇಬೇಕಾದ, ರೇಡಿಯೊ ಮಾತ್ರವೇ ಮಾಡಬಲ್ಲ ಕೆಲಸಗಳಿವೆ. ಸಿಗ್ನಲ್ ಕಡಿದರೆ ಎಂಜಿನ್ ಆರುವಂತೆ ಫೇಲ್‌ಸೇಫ್ ಇಡುವುದು, ನೆಲದಿಂದಲೇ ಎಂಜಿನ್ ನಿಲ್ಲಿಸುವ ಸ್ವಿಚ್, ಸ್ಟಿಕ್ಕಿನ ನಡುವೆ ನಯವಾಗಿರಲು ಎಕ್ಸ್‌ಪೊ, ಹೆಚ್ಚು-ಕಡಿಮೆ ಚಲನೆಗೆ ಡ್ಯುಯಲ್ ರೇಟ್. ಎಂಜಿನ್ ಓಡುತ್ತಿರುವಾಗಲೇ ರೇಂಜ್ ಪರೀಕ್ಷೆ ಮಾಡಬೇಕು, ಏಕೆಂದರೆ ಅದರ ಕಂಪನ ಮತ್ತು ಇಗ್ನಿಷನ್‌ನ ಕಿರಿಕಿರಿ ಆಗಲೇ ಗೊತ್ತಾಗುವುದು. ವಿಮಾನ ಹಾರಿದ ಮೇಲೆ ಉಳಿದ ನಯಗಾರಿಕೆಗೂ, ಪಕ್ಕಕ್ಕೆ ಮಗುಚಿ ಹಾರುವ ನೈಫ್ ಎಡ್ಜ್‌ನಲ್ಲಿ ರಡ್ಡರ್ ಎಳೆದಾಗ ಮೂಗು ಬಾಗದಂತೆ ತುಸು ಮಿಕ್ಸಿಂಗ್ ಕೊಡುವುದಕ್ಕೂ ರೇಡಿಯೊವೇ ಬೇಕು. ಈ ಕೆಲಸಗಳಿಗೆಂದೇ ಅದರ ಶಕ್ತಿಯನ್ನು ಮೀಸಲಿಡಿ ಎಂದಷ್ಟೇ ನನ್ನ ಕೋರಿಕೆ.

ನಿಮ್ಮಲ್ಲೂ ಬೈಪ್ಲೇನ್ ಇದ್ದರೆ ಮುಂದಿನ ಬಾರಿ ಮೈದಾನಕ್ಕೆ ಹೊರಡುವ ಮುನ್ನ ರೇಡಿಯೊದಲ್ಲಿ ಸಬ್‌ಟ್ರಿಮ್ ಪುಟ ತೆರೆದು ನೋಡಿ. ಯಾವ ಚಾನೆಲ್ ಎದುರು ದೊಡ್ಡ ಸಂಖ್ಯೆ ಕಾಣುತ್ತದೋ ಅದನ್ನು ಸೊನ್ನೆಗೆ ತನ್ನಿ, ಆ ಸರ್ವೊದ ಆರ್ಮ್ ಬಿಚ್ಚಿ ಲಂಬಕ್ಕೆ ಕೂರಿಸಿ, ಉಳಿದದ್ದನ್ನು ಲಿಂಕೇಜ್ ಕಡ್ಡಿಯ ಉದ್ದದಲ್ಲಿ ತಿದ್ದಿ. ಅದು ಮುಗಿಯುವ ತನಕ ಹಾರಿಸಬೇಡಿ.