ಟನ್ನಿನ ದರ ಎಲ್ಲರಿಗೂ ಗೊತ್ತು, ಕಾಲೇಜಿನ ದಾರಿ ಯಾರಿಗೆ ಗೊತ್ತು?

ಸಮೀರವಾಡಿ ಸುತ್ತಿನ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ಕಬ್ಬಿನ ಲೆಕ್ಕ ಜನರಿಗೆ ಬಾಯಿಪಾಠ. ಯಾವ ಫ್ಯಾಕ್ಟರಿ ಟನ್ನಿಗೆ ಎಷ್ಟು ಕೊಡುತ್ತದೆ, ರಿಕವರಿ ಎಷ್ಟು ಬಿತ್ತು, ಕಟಾವಿನ ಗ್ಯಾಂಗು ಯಾವಾಗ ಬರುತ್ತದೆ ಎಂಬುದನ್ನು ಓದು ಬಾರದ ಮುದುಕನೂ ಹೇಳುತ್ತಾನೆ. 2025ರ ನವೆಂಬರದಲ್ಲಿ ಮುಧೋಳ ಭಾಗದ ರೈತರು ದರಕ್ಕಾಗಿ ಬೀದಿಗಿಳಿದಾಗ ಸರ್ಕಾರವೇ ಮಾತುಕತೆಗೆ ಕೂಡಬೇಕಾಯಿತು. ಬೆವರಿನ ಬೆಲೆ ಕೇಳುವುದು ನ್ಯಾಯವೇ. ಆದರೆ ಅದೇ ಕಟ್ಟೆಯ ಮೇಲೆ, ಹತ್ತನೇ ಇಯತ್ತೆ ಮುಗಿಸಿದ ಹುಡುಗನನ್ನು ಮುಂದೆ ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿ ನೋಡಿ. "ಎಲ್ಲಿ ಸೀಟ್ ಸಿಗತೈತಿ ಅಲ್ಲಿ ಹಾಕೂದು" ಎಂಬಲ್ಲಿಗೆ ಮಾತು ಮುಗಿಯಿತು.

ಹಳ್ಳಿ ಹೈಸ್ಕೂಲುಗಳ ಪರಿಸ್ಥಿತಿ ಯಾರಿಗೂ ತಿಳಿಯದ್ದಲ್ಲ. ಗಣಿತದ ಮಾಸ್ತರರಿದ್ದರೆ ಇಂಗ್ಲಿಷಿನವರಿಲ್ಲ. ಇದ್ದವರ ತಲೆಯ ಮೇಲೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ ಎಷ್ಟು ಎಂದು ಮೇಲಿನವರು ವರ್ಷವರ್ಷ ಕೇಳುತ್ತಾರೆ. ಪಾಸಾದ ಮಕ್ಕಳು ಎಲ್ಲಿಗೆ ಹೋದರು, ಅಲ್ಲಿ ನಿಂತರೋ ಬಿಟ್ಟರೋ ಎಂದು ಕೇಳುವವರು ಯಾರು?

ಫಲಿತಾಂಶ ಬಂದ ದಿನ ತಂದೆ ಹೆಡ್ಮಾಸ್ತರರ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. "ನೀವ ಹೇಳ್ರಿ ಸರ, ನಮಗೇನ ತಿಳಿತೈತ್ರಿ?" ಅವರೂ ಅವಸರದಲ್ಲಿ, "ಮಾರ್ಕ್ಸ್ ಛಲೋ ಬಿದ್ದಾವ, ಸೈನ್ಸಿಗೆ ಹಾಕ್ರಿ" ಎನ್ನುತ್ತಾರೆ. ಹುಡುಗನ ಹಣೆಬರಹ ಎರಡು ಮಾತಿನಲ್ಲಿ ತೀರ್ಮಾನವಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದವನು ಪಿಯುಸಿಗೆ ಹೋಗಿ ಕುಳಿತರೆ ಭೌತಶಾಸ್ತ್ರವೂ ಇಂಗ್ಲಿಷ್, ರಸಾಯನಶಾಸ್ತ್ರವೂ ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲಿ ಮುಗ್ಗರಿಸಿದವನು ದೀಪಾವಳಿಗೆ ಊರಿಗೆ ಬಂದರೆ ಮತ್ತೆ ಕಾಲೇಜಿಗೆ ಹೋಗುವುದಿಲ್ಲ. ಅಷ್ಟೊತ್ತಿಗೆ ಕಬ್ಬಿನ ಸೀಜನ್ನೂ ಶುರುವಾಗಿರುತ್ತದೆ, ಟ್ರ್ಯಾಕ್ಟರಿನ ಮೇಲೆ ಕೆಲಸವೂ ಸಿಗುತ್ತದೆ. ಅವನು ದಡ್ಡನಲ್ಲ. ಮುಂದೆ ಏನು ಬರುತ್ತದೆಂದು ಅವನಿಗೆ ಯಾರೂ ಮೊದಲೇ ಹೇಳಲಿಲ್ಲ, ಅಷ್ಟೇ.

ಮುಚ್ಚಿಹೋಗುವ ಬಾಗಿಲುಗಳು

ಇನ್ನೊಂದು ಸಂಗತಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಕೃಷಿ, ತೋಟಗಾರಿಕೆ ಪದವಿಗೆ ರೈತರ ಮಕ್ಕಳಿಗೆಂದೇ ಕೃಷಿಕರ ಕೋಟಾ ಇದೆ. 2021ರಲ್ಲಿ ಅದನ್ನು ಶೇ. 40ರಿಂದ 50ಕ್ಕೆ ಏರಿಸಲಾಯಿತು. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಗುರುತಿಸುವುದು ನಮ್ಮ ಹೊಲದ ಹುಡುಗರಿಗೆ ಕಷ್ಟವೇ? ಆದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಷಯ ತೆಗೆದುಕೊಂಡವನಿಗೆ ಆ ಬಾಗಿಲು ಅಂದೇ ಮುಚ್ಚಿತು. ಜೀವಶಾಸ್ತ್ರದ ಜತೆ ಗಣಿತವನ್ನೂ ಇಟ್ಟುಕೊಂಡರೆ ಎಂಜಿನಿಯರಿಂಗೂ ಉಳಿಯುತ್ತದೆ, ಕೃಷಿಯೂ ಉಳಿಯುತ್ತದೆ. ಇದನ್ನು ಹೇಳಲು ಐದು ನಿಮಿಷ ಸಾಕು.

ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮನೆಯವರು ಮಾಡುವ ತಪ್ಪೇ ಬೇರೆ. ಎಂಟನೇ ಇಯತ್ತೆಗೆ ಮಗನನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸಾಗಿಸುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. ಏಳು ವರ್ಷ ಹಳ್ಳಿಯಲ್ಲಿ ಓದಿ ಮೂರು ವರ್ಷ ಪಟ್ಟಣಕ್ಕೆ ಹೋದರೆ ಎರಡೂ ಕೈಬಿಟ್ಟವು. ದುಡ್ಡು ಕೊಟ್ಟು ಹಕ್ಕು ಕಳೆದುಕೊಳ್ಳುವುದೆಂದರೆ ಇದೇ.

ಸೈನ್ಸ್ ಬೇಡವೆಂದರೆ ಬೇರೆ ದಾರಿಗಳೂ ಇವೆ. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಹೋಗಬಹುದು. ಸಮೀರವಾಡಿಯ ಗೋದಾವರಿ ಕಾರ್ಖಾನೆಯಲ್ಲಿ ಸಕ್ಕರೆಯಷ್ಟೇ ಅಲ್ಲ, ಎಥೆನಾಲೂ ಆಗುತ್ತದೆ, ವಿದ್ಯುತ್ತೂ ಆಗುತ್ತದೆ. ಆ ಚಿಮಣಿಯ ಹೊಗೆ ನೋಡುತ್ತ ಬೆಳೆದ ಹುಡುಗನಿಗೆ ಅದರೊಳಗೆ ಕೆಮಿಸ್ಟ್ ಆಗಲು ಏನು ಓದಬೇಕು ಗೊತ್ತಿಲ್ಲ. ಸಕ್ಕರೆ ತಂತ್ರಜ್ಞಾನ ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ.

ಹುಡುಗಿಯರದು ಇನ್ನೂ ಬಿಗಿ. "ದೂರ ಆಗತೈತಿ" ಎಂಬ ಒಂದೇ ಮಾತಿಗೆ ಅವರ ಓದು ನಿಲ್ಲುತ್ತದೆ. 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಇನ್ನು ಉಳಿದದ್ದು ಕಾಲೇಜಿನ ಹೊತ್ತಿಗೆ ಬಸ್ಸು, ಕತ್ತಲಾಗುವುದರೊಳಗೆ ಮನೆ. ಇಷ್ಟು ಖಾತ್ರಿಯಾದರೆ ಒಪ್ಪುವ ತಂದೆತಾಯಿ ಬಹಳ ಮಂದಿ ಇದ್ದಾರೆ.

ಮಾಡಬೇಕಾದದ್ದೇನು?

ಈ ಭಾಗದ ಹಿರಿಯರು ಇದಕ್ಕಿಂತ ಕಷ್ಟದ ಕಾಲದಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ, ಹಳಕಟ್ಟಿಯವರ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ. ಕಾಲೇಜು ಕಟ್ಟುವ ಕೆಲಸವನ್ನು ಅವರು ಮುಗಿಸಿಕೊಟ್ಟಿದ್ದಾರೆ. ದಾರಿ ತೋರಿಸುವ ಕೆಲಸವಾದರೂ ಇಂದಿನವರಿಂದ ಆಗಬಾರದೇ?

ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಮಾಸ್ತರರಿಗೆ ಈ ಜವಾಬ್ದಾರಿ ವಹಿಸಲಿ. ಡಿಸೆಂಬರದೊಳಗೆ ಒಂದು ಶನಿವಾರ ತಂದೆತಾಯಿಗಳನ್ನು ಕೂಡಿಸಿ ಯಾವ ವಿಷಯ ಯಾವ ಕೆಲಸಕ್ಕೆ ಒಯ್ಯುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಲಿ. ಅದೇ ಶಾಲೆಯಲ್ಲಿ ಓದಿ ಕಾಲೇಜಿಗೆ ಹೋದ ಹುಡುಗ ಹುಡುಗಿಯರನ್ನೂ ಕರೆಸಲಿ. ಅವರು ಹೇಳಿದ್ದು ಮಕ್ಕಳ ಕಿವಿಗೆ ಬೇಗ ಹೋಗುತ್ತದೆ. ಜಾತಿ, ಆದಾಯದ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಹೊಲದ ಉತಾರ ಇವೆಲ್ಲ ಪರೀಕ್ಷೆಗೆ ಮೊದಲೇ ಕೈಯಲ್ಲಿರಲಿ. ಜೂನ್‌ನಲ್ಲಿ ನಾಡಕಚೇರಿಯ ಮುಂದೆ ಸಾಲು ಹಚ್ಚಿ ಸೀಟು ಕಳೆದುಕೊಳ್ಳುವುದು ತಪ್ಪುತ್ತದೆ.

ಸಮೀರವಾಡಿಯಲ್ಲಿ ಸೋಮಯ್ಯ ಬಳಗದವರ 'ಹೆಲ್ಪ್ ಎ ಚೈಲ್ಡ್' ಬಡ ಪ್ರತಿಭಾವಂತ ಮಕ್ಕಳ ಮುಂದಿನ ಓದಿಗೆ ನೆರವು ನೀಡುತ್ತ ಬಂದಿದೆ. ಹಣದ ನೆರವಿನಷ್ಟೇ ದಾರಿಯ ನೆರವೂ ಮುಖ್ಯ. ಫ್ಯಾಕ್ಟರಿಯ ಎಂಜಿನಿಯರು, ಕೆಮಿಸ್ಟುಗಳು ವರ್ಷಕ್ಕೊಂದು ದಿನ ಪಕ್ಕದ ಹಳ್ಳಿ ಶಾಲೆಗೆ ಹೋಗಿ ಮಾತಾಡಿದರೆ ಖರ್ಚೇನೂ ಇಲ್ಲ.

ಮುಧೋಳ, ಜಮಖಂಡಿ ಭಾಗದ ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಈ ಕೆಲಸ ಶುರುವಾಗುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ. ಶಾಲೆಯ ಫಲಿತಾಂಶದ ಹಲಗೆಯ ಮೇಲೆ ಪಾಸಾದವರ ಸಂಖ್ಯೆಯ ಪಕ್ಕದಲ್ಲಿ ಮುಂದಿನ ಓದಿಗೆ ಸೇರಿದವರ ಸಂಖ್ಯೆಯನ್ನೂ ಬರೆಯುವ ಕಟ್ಟಳೆ ಮಾಡಲಿ. ಹಳ್ಳಿಯ ಜನ ಅದನ್ನು ಓದಿ, ಉಳಿದವರು ಎಲ್ಲಿ ಎಂದು ತಾವೇ ಕೇಳುತ್ತಾರೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?